ಕಾರ್ಪೆಟ್ಟಿನ ಕೆಳಗೊಂದು ಚರಿತ್ರೆ

"ಅಮ್ಮಾ, ಮನೆಗೆ ಹೊಸ ನೆಲ ಹಾಕಿಸ್ತಿದ್ದೀವಿ" ಎಂದು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಬಂದ ಪ್ರಶ್ನೆ: "ಯಾಕ್ರೋ, ಇಷ್ಟು ವರ್ಷ ನೆಲ ಇಲ್ದಿರೋ ಮನೇಲಿದ್ರಾ?"

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಾಸನ ಜಿಲ್ಲೆಯ ನಮ್ಮೂರಿನ ಮನೆಗೆ ತಾತನ ಕಾಲದಲ್ಲಿ ಹಾಕಿಸಿದ ಕೆಂಪು ಗಾರೆ ನೆಲ ಇವತ್ತಿಗೂ ಹಾಗೇ ಇದೆ. ಆಮೇಲೆ ಒಲೆ ಬದಲಾಯಿತು, ಬಚ್ಚಲು ಬದಲಾಯಿತು, ಹೆಂಚು ಹೋಗಿ ತಾರಸಿ ಬಂತು. ನೆಲದ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ನೆಲವೆಂದರೆ ಬದಲಾಯಿಸುವ ವಸ್ತು ಎಂಬುದೇ ಅಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇಲ್ಲಿ ಹಾಗಲ್ಲವೆಂದು ಬಳಗದ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಲೆವಿಟೌನ್ ಎಂಬ ಊರಿನ 1948ರ ಮನೆ. ಬೇಸಿಗೆಗೆ ಅಮ್ಮ ಬರುವವರಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ವಾಕರ್ ಹಿಡಿದೇ ನಡೆಯುವುದು. ಜೊತೆಗೆ ಹಳೆಯ ಉಬ್ಬಸ. ನಮ್ಮ ದಪ್ಪ ಕಾರ್ಪೆಟ್ಟಿನಲ್ಲಿ ವಾಕರಿನ ಕಾಲು ಹೂತುಕೊಳ್ಳುತ್ತದೆ. ಅದರೊಳಗೆ ಸೇರಿದ ಎಷ್ಟೋ ವರ್ಷಗಳ ಧೂಳು ಉಬ್ಬಸಕ್ಕೆ ಆಗುವುದಿಲ್ಲ. ಆದ್ದರಿಂದ ಕಾರ್ಪೆಟ್ ತೆಗೆಸಿ, ಮರದ ಹಲಗೆಯಂತೆ ಕಾಣುವ ವೈನಿಲ್ ನೆಲ ಹಾಕಿಸುವುದೆಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು.

ಹೊಸ ನೆಲ ಹಾಕುವವರು ಎರಡೇ ದಿನದಲ್ಲಿ ಕೆಲಸ ಮುಗಿಸಿ ಹೋದರು. ಆ ಎರಡು ದಿನಗಳಿಗಾಗಿ ಮನೆಯನ್ನು ಸಿದ್ಧಪಡಿಸಲು ನಮಗೆ ಏಳು ವಾರ ಹಿಡಿಯಿತು. ಈ ಬರಹ ಆ ಏಳು ವಾರಗಳದ್ದು.

ಮೊದಲು ಒಂದು ಪಟ್ಟಿ

ಅಂಗಡಿಯವರು ಅಚ್ಚು ಹಾಕಿದ ಒಂದು ಹಾಳೆ ಕೊಟ್ಟಿದ್ದರು. ನೆಲ ಹಾಕುವವರು ಬರುವ ಮುಂಚೆ ಮನೆಯವರು ಮಾಡಿಟ್ಟಿರಬೇಕಾದ ಕೆಲಸಗಳ ಪಟ್ಟಿ. ಕೋಣೆಯ ಸಾಮಾನೆಲ್ಲ ತೆಗೆದಿಡಿ. ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ. ಗೋಡೆಯ ಬುಡದ ಮರದ ಪಟ್ಟಿಗಳನ್ನು ಒಡೆಯದಂತೆ ಎಬ್ಬಿಸಿ, ಹಿಂಭಾಗದಲ್ಲಿ ಸಂಖ್ಯೆ ಬರೆದಿಡಿ. ಹಳೆಯ ಕಾರ್ಪೆಟ್ಟು, ಅದರ ಕೆಳಗಿನ ಮೆತ್ತೆ, ಅಂಚಿನ ಮೊಳೆಪಟ್ಟಿ ಎಲ್ಲ ತೆಗೆಯಿರಿ. ಕೆಳಗಿನ ಕಾಂಕ್ರೀಟು ಒಣಗಿದೆಯೇ ನೋಡಿ. 10 ಅಡಿ ಉದ್ದಕ್ಕೆ 3/16 ಅಂಗುಲಕ್ಕಿಂತ ಹೆಚ್ಚು ಏರುತಗ್ಗು ಇರಬಾರದು. ಹೊಸ ಹಲಗೆಗಳ ಪೆಟ್ಟಿಗೆಗಳನ್ನು ಎರಡು ದಿನ ಮುಂಚೆಯೇ ಅದೇ ಕೋಣೆಯಲ್ಲಿಡಿ, ಮನೆಯ ಹವೆಗೆ ಅವು ಹೊಂದಿಕೊಳ್ಳಲಿ.

ನಾವು ಸಾಫ್ಟ್‌ವೇರಿನವರು. ಪಟ್ಟಿ ಕಂಡರೆ ಧೈರ್ಯ ಬರುತ್ತದೆ. ಇಪ್ಪತ್ತು ವರ್ಷಗಳಿಂದ ಬೇರೆಯವರು ಬರೆದ ಹಳೆಯ ಕೋಡಿನ ಮೇಲೆ ಹೊಸದನ್ನು ಕೂರಿಸುವುದೇ ನಮ್ಮ ಹೊಟ್ಟೆಪಾಡು. ಒಳಗೆ ಏನಿದೆಯೆಂದು ಓದದೆ ಕೈ ಹಾಕಬಾರದೆಂದು ಆಫೀಸಿನಲ್ಲಿ ಹುಡುಗರಿಗೆ ದಿನಾ ಹೇಳುತ್ತೇವೆ. ಆದರೂ ಒಂದು ಶನಿವಾರ, ಏನನ್ನೂ ಓದದೆ, ಚಿಕ್ಕ ಕೋಣೆಯ ಕಾರ್ಪೆಟ್ಟನ್ನು ನಾವೇ ಕಿತ್ತೆವು. ಮೊಳೆಪಟ್ಟಿಯನ್ನು ಸುತ್ತಿಗೆ, ಮೀಟುಗೋಲು ಹಾಕಿ ಎಬ್ಬಿಸಿದೆವು. ಅದರ ಜೊತೆಗೆ ಕೆಳಗಿದ್ದ ಕಪ್ಪು ಬಿಲ್ಲೆಗಳೂ ಚಟಚಟನೆ ಒಡೆದು ಬಂದವು. ಒಂಬತ್ತು ವರ್ಷದ ಮಗ ಅವನ್ನು ಆಯ್ದು ಬಕೆಟ್ಟಿಗೆ ತುಂಬಿದ. ಉಳಿದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿ, ಕೈ ತೊಳೆದು, ಚಹಾ ಕುಡಿದೆವು.

ಸೋಮವಾರ ಅಳತೆಗೆಂದು ಬಂದಾತ ಮೊಣಕಾಲೂರಿ ಒಂದು ಬಿಲ್ಲೆಯ ಮೇಲೆ ಟೇಪು ಹಿಡಿದ. ಸರಿಯಾಗಿ ಒಂಬತ್ತು ಅಂಗುಲ. ಟೇಪನ್ನು ಮಡಿಸಿ ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, "ಇದನ್ನು ಪರೀಕ್ಷೆ ಮಾಡಿಸುವ ತನಕ ಯಾರೂ ಮುಟ್ಟಬೇಡಿ" ಅಂದ.

ಆ ಒಂಬತ್ತು ಅಂಗುಲಕ್ಕೆ ಯಾಕೆ ಅಷ್ಟು ಹೆದರಬೇಕೆಂದು ತಿಳಿಯಲು ಹೊರಟಾಗಲೇ ನಮ್ಮ ಮನೆಯ ಚರಿತ್ರೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಪದರವಾಗಿ ಬಿಚ್ಚಿಕೊಂಡದ್ದು.

ಮೇಲಿನ ಪದರ: ಹೊದಿಕೆಯಿಂದ ಹುಟ್ಟಿದ ಕಾರ್ಪೆಟ್ಟು

ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವುದು ಅಮೆರಿಕದ ಸಾಮಾನ್ಯರ ಮನೆಗಳಲ್ಲಿ ತೀರ ಹಳೆಯ ಸಂಗತಿಯಲ್ಲ. ಮಗ್ಗದಲ್ಲಿ ನೇಯ್ದ ಉಣ್ಣೆಯ ಕಾರ್ಪೆಟ್ಟು ಉಳ್ಳವರ ವಸ್ತುವಾಗಿತ್ತು. ಅದನ್ನು ಅಗ್ಗ ಮಾಡಿದ ಬೆಳವಣಿಗೆ ಶುರುವಾದದ್ದು ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರಿನಲ್ಲಿ, ಅದೂ ಹಾಸಿಗೆಯ ಹೊದಿಕೆಯಿಂದ. 1895ರ ಸುಮಾರಿಗೆ ಕ್ಯಾಥರೀನ್ ಇವಾನ್ಸ್ ಎಂಬ ಹದಿನೈದು ವರ್ಷದ ಹುಡುಗಿ ಬಟ್ಟೆಯ ಮೇಲೆ ದಪ್ಪ ನೂಲನ್ನು ಚುಚ್ಚಿ, ತುದಿ ಕತ್ತರಿಸಿ, ಗೊಂಡೆ ಗೊಂಡೆಯಾಗಿ ನಿಲ್ಲಿಸಿದ ಒಂದು ಹೊದಿಕೆ ಮಾಡಿದಳು. 1900ರಲ್ಲಿ ಅಂಥದೊಂದನ್ನು ಎರಡೂವರೆ ಡಾಲರಿಗೆ ಮಾರಿದಳು. ನೋಡುತ್ತಿದ್ದಂತೆ ಸುತ್ತಲ ಹಳ್ಳಿಗಳ ಹೆಂಗಸರಿಗೆಲ್ಲ ಅದು ಮನೆಯಲ್ಲೇ ಕೂತು ಮಾಡುವ ಕೆಲಸವಾಯಿತು. 1930ರ ದಶಕದಲ್ಲಿ ಅದೇ ಕೆಲಸಕ್ಕೆ ಯಂತ್ರ ಬಂತು. 1950ರ ದಶಕದಲ್ಲಿ ಯಂತ್ರ ಅಗಲವಾಗಿ, ಹೊದಿಕೆಯ ಜಾಗದಲ್ಲಿ ಕಾರ್ಪೆಟ್ಟು ಹೊರಬರತೊಡಗಿತು. ಉಣ್ಣೆಯ ಬದಲು ನೈಲಾನ್ ಬಂದ ಮೇಲೆ ಕೇಳಬೇಕೆ? ಗುಮಾಸ್ತನ ಮನೆಯಲ್ಲೂ ಕಾಲು ಹೂಳುವಂಥ ಕಾರ್ಪೆಟ್ಟು ಸಾಧ್ಯವಾಯಿತು.

ನಮ್ಮ ಚಿಕ್ಕ ಕೋಣೆಯಲ್ಲಿದ್ದದ್ದು ಈ ಜಾತಿಯದೇ. ಅದನ್ನು ಮಗುಚಿದಾಗ ಹಿಂಭಾಗದಲ್ಲಿ ಕಂದುಬಣ್ಣದ ಒರಟು ನೇಯ್ಗೆ ಕಂಡಿತು. ಮುಟ್ಟಿದರೆ ಉದುರುತ್ತಿತ್ತು. ಮೂಗಿಗೆ ಹತ್ತಿದ ವಾಸನೆ ನಮಗೆ ಚೆನ್ನಾಗಿ ಗೊತ್ತಿದ್ದದ್ದೇ: ಗೋಣಿಚೀಲದ ವಾಸನೆ! ಅಮೆರಿಕದ ಕಾರ್ಪೆಟ್ಟುಗಳ ಬೆನ್ನಿಗೆ ದಶಕಗಳ ಕಾಲ ಆಧಾರವಾಗಿದ್ದದ್ದು ಬಂಗಾಳದ ಸೆಣಬು. ಮುಂದೆ ಆ ಜಾಗವನ್ನು ಪ್ಲಾಸ್ಟಿಕ್ ನೂಲು ಹಿಡಿಯಿತು. ನಮಗಿಂತ ಎಷ್ಟೋ ವರ್ಷ ಮುಂಚೆ, ಮುಖ ಕೆಳಗೆ ಮಾಡಿಕೊಂಡು, ನಮ್ಮ ಕಡೆಯ ಸರಕೊಂದು ಈ ಮನೆ ಸೇರಿತ್ತು.

ನಡುವಿನ ಪದರ: ಒಂಬತ್ತು ಅಂಗುಲ

ಕಾರ್ಪೆಟ್ಟಿನ ಕೆಳಗಿದ್ದದ್ದು ಆಸ್ಫಾಲ್ಟ್ ಟೈಲು. ಮನೆ ಕಟ್ಟಿದಾಗ ಹಾಕಿದ ಮೊದಲ ನೆಲ. ಅದು ಇಲ್ಲಿಗೆ ಯಾಕೆ ಬಂತೆಂದು ತಿಳಿಯಬೇಕಾದರೆ ಲೆವಿಟೌನಿನ ಕಥೆಯನ್ನು ತುಸು ಹೇಳಬೇಕು.

ಎರಡನೇ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಹಿಂದಿರುಗಿದಾಗ ಅಮೆರಿಕದಲ್ಲಿ ಇರಲು ಮನೆಗಳಿರಲಿಲ್ಲ. ಲಾಂಗ್ ಐಲೆಂಡಿನ ಈ ಭಾಗದಲ್ಲಿ ಆಲೂಗಡ್ಡೆ ಹೊಲಗಳಿದ್ದವು. 1941ರಲ್ಲಿ ಹತ್ತಿರದ ಹಿಕ್ಸ್‌ವಿಲ್ಲಿನಲ್ಲಿ ಆಲೂಗಡ್ಡೆಯ ಬೇರು ತಿನ್ನುವ ಸೂಕ್ಷ್ಮ ಜಂತು ಕಾಣಿಸಿಕೊಂಡ ಮೇಲೆ ರೈತರಿಗೆ ಹೊಲದ ಆಸೆ ಕಡಿಮೆಯಾಗಿತ್ತು. ಲೆವಿಟ್ ಅಪ್ಪ ಮಕ್ಕಳ ಕಂಪನಿ ಆ ಹೊಲಗಳನ್ನು ಕೊಂಡು 1947ರಿಂದ 1951ರೊಳಗೆ 17,447 ಮನೆಗಳನ್ನು ಕಟ್ಟಿತು. ಕಾರು ಕಾರ್ಖಾನೆಯಲ್ಲಿ ಕಾರು ಚಲಿಸುತ್ತದೆ, ಕೆಲಸಗಾರ ನಿಂತಿರುತ್ತಾನೆ. ಇಲ್ಲಿ ಮನೆ ನಿಂತಿತ್ತು, ಕೆಲಸಗಾರ ಚಲಿಸುತ್ತಿದ್ದ. ಒಬ್ಬನದು ಒಂದೇ ಕೆಲಸ. ಅದನ್ನು ಮುಗಿಸಿ ಮುಂದಿನ ಮನೆಗೆ ನಡೆಯುವುದು. ಭರಾಟೆಯ ದಿನಗಳಲ್ಲಿ ದಿನಕ್ಕೆ ಮೂವತ್ತು ಮನೆ ಏಳುತ್ತಿದ್ದವಂತೆ.

ಅಷ್ಟು ಬೇಗ ಕಟ್ಟಲು ಲೆವಿಟ್ ಮಾಡಿದ ಮುಖ್ಯ ಉಪಾಯ ನೆಲದಲ್ಲೇ ಇತ್ತು. ಈ ಕಡೆಯ ಮನೆಗಳಿಗೆಲ್ಲ ನೆಲಮಾಳಿಗೆ ತೋಡುವುದು ವಾಡಿಕೆ. ಲೆವಿಟ್ ಅದನ್ನು ಕೈಬಿಟ್ಟು, ನೆಲದ ಮೇಲೇ ನೇರವಾಗಿ ಕಾಂಕ್ರೀಟಿನ ಹಾಸು ಹಾಕಿ ಅದರ ಮೇಲೆ ಮನೆ ನಿಲ್ಲಿಸುತ್ತೇನೆಂದ. ಸ್ಥಳೀಯ ಕಟ್ಟಡ ನಿಯಮ ಅದಕ್ಕೆ ಅಡ್ಡಬಂತು. 1947ರ ಮೇ ತಿಂಗಳಲ್ಲಿ ಹೆಂಪ್‌ಸ್ಟೆಡ್ ಪಟ್ಟಣದ ಮಂಡಳಿ ಸಭೆ ಸೇರಿದಾಗ ನೂರಾರು ಮಾಜಿ ಸೈನಿಕರು ಬಂದು ತುಂಬಿಕೊಂಡರು, ನಿಯಮ ಬದಲಾಯಿತು. ಮನೆ ಬೆಚ್ಚಗಿಡಲು ಕಾಂಕ್ರೀಟಿನ ಒಳಗೇ ತಾಮ್ರದ ಕೊಳವೆಗಳನ್ನು ಸುರುಳಿಯಾಗಿ ಹೂತು, ಬಿಸಿನೀರು ಹರಿಸುವ ಏರ್ಪಾಡಾಯಿತು. ಆ ವರ್ಷದ ಅಕ್ಟೋಬರ್ 1ರಂದು ಮೊದಲ ಕುಟುಂಬಗಳು ಒಕ್ಕಲಾದವು.

ಇಂಥ ಹಾಸಿನ ಮೇಲೆ ಯಾವ ನೆಲ ನಿಂತೀತು? ಮಣ್ಣಿನ ತೇವ ಕಾಂಕ್ರೀಟಿನ ಮೂಲಕ ಮೇಲೇರುತ್ತದೆ, ಜೊತೆಗೆ ಸಿಮೆಂಟಿನ ಕ್ಷಾರವನ್ನೂ ತರುತ್ತದೆ. ಮರ ಹಾಕಿದರೆ ಉಬ್ಬುತ್ತದೆ. ಆಗಿನ ಅಡುಗೆಮನೆಗಳ ರಾಜ ಲಿನೋಲಿಯಂ. ಅದಾದರೋ ಅಗಸೆ ಎಣ್ಣೆಯ ಕೂಸು. 1860ರ ಸುಮಾರಿಗೆ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್, ಬಣ್ಣದ ಡಬ್ಬಿಯೊಳಗೆ ಅಗಸೆ ಎಣ್ಣೆ ಒಣಗಿ ಕೆನೆಗಟ್ಟಿದ್ದನ್ನು ನೋಡಿ, ಅದರ ಜೊತೆ ಬೆಂಡಿನ ಪುಡಿ ಬೆರೆಸಿ, ಬಟ್ಟೆಯ ಮೇಲೆ ಹಚ್ಚಿ ಮಾಡಿದ ಹಾಸು ಅದು. ನಮ್ಮ ಉತ್ತರ ಕರ್ನಾಟಕದ ಗೆಳೆಯರು ರೊಟ್ಟಿಯ ಜೊತೆ ಅಗಸಿ ಹಿಂಡಿ ತಿನ್ನುವಾಗ ಇದನ್ನು ನೆನೆಯಬಹುದು. ಆ ಕಾಲದಲ್ಲಿ ಭಾರತದ ಅಗಸೆಬೀಜ ಹಡಗು ತುಂಬಿ ಬ್ರಿಟನ್ನಿಗೆ ಹೋಗುತ್ತಿತ್ತು. ವಾಲ್ಟನ್ 1870ರ ದಶಕದಲ್ಲಿ ಅಮೆರಿಕಕ್ಕೂ ಬಂದು, ನಮ್ಮ ನೆರೆಯ ಸ್ಟೇಟನ್ ಐಲೆಂಡಿನಲ್ಲಿ ಕಾರ್ಖಾನೆ ಹೂಡಿದ. ಅಲ್ಲಿನ ಊರಿಗೇ ಲಿನೋಲಿಯಂವಿಲ್ ಎಂದು ಹೆಸರಾಯಿತು. ಕಾರ್ಖಾನೆಯ ಕಾಲ ಮುಗಿದ ಮೇಲೆ ಊರಿನವರು ಮತ ಹಾಕಿ ಆ ಹೆಸರನ್ನು ಬಿಟ್ಟು ಟ್ರಾವಿಸ್ ಎಂದು ಇಟ್ಟುಕೊಂಡರು. ಇಷ್ಟು ಪ್ರತಾಪದ ಲಿನೋಲಿಯಂ ನಮ್ಮ ಹಾಸಿಗೆ ಒಗ್ಗುತ್ತಿರಲಿಲ್ಲ. ತೇವದೊಡನೆ ಬರುವ ಕ್ಷಾರ ಅದರ ಎಣ್ಣೆಯನ್ನು ಒಡೆದು ಕೊಳೆಸಿಬಿಡುತ್ತದೆ.

ತೇವಕ್ಕೂ ಕ್ಷಾರಕ್ಕೂ ಜಗ್ಗದ ಅಗ್ಗದ ವಸ್ತುವೊಂದಿತ್ತು. ಡಾಂಬರಿನಂಥ ಅಂಟು, ಸುಣ್ಣಕಲ್ಲಿನ ಪುಡಿ, ಬಣ್ಣ, ಇವನ್ನೆಲ್ಲ ಹಿಡಿದಿಡಲು ಕಲ್ನಾರಿನ ಎಳೆಗಳು: ಎಲ್ಲವನ್ನೂ ಬಿಸಿಯಾಗಿ ಕಲಸಿ, ಲಟ್ಟಿಸಿ, ಒಂಬತ್ತು ಅಂಗುಲದ ಚೌಕಕ್ಕೆ ಕತ್ತರಿಸಿದರೆ ಆಸ್ಫಾಲ್ಟ್ ಟೈಲು. ಅಂಟು ಕಪ್ಪಾದ್ದರಿಂದ ಕಡುಬಣ್ಣದ ಟೈಲಿಗೆ ಬೆಲೆ ಕಡಿಮೆ. ನಮ್ಮದೂ ಕಪ್ಪು, ನಡುವೆ ಮಾಸಿದ ಬಿಳಿ ಗೀರುಗಳು. ಮುಂದೆ ಡಾಂಬರಿನ ಜಾಗಕ್ಕೆ ವೈನಿಲ್ ಬಂತು, ಅಳತೆ ನಿಧಾನವಾಗಿ ಹನ್ನೆರಡು ಅಂಗುಲಕ್ಕೆ ಏರಿತು. ಕಲ್ನಾರು ಮಾತ್ರ 1980ರ ದಶಕದವರೆಗೂ ಹೋಗಲಿಲ್ಲ. ಹಾಗಾಗಿಯೇ ಅಳತೆಯವನು ಟೇಪು ನೋಡಿ ಹಿಂದೆ ಸರಿದದ್ದು. ಒಂಬತ್ತು ಅಂಗುಲ ಎಂದರೆ ಆ ಟೈಲಿನ ವಯಸ್ಸು.

ಆ ನೆಲದ ಮೇಲೆ ಯಾರು ನಿಲ್ಲಬಹುದಿತ್ತು?

ಚರಿತ್ರೆ ಓದುತ್ತಾ ಹೋದಂತೆ ಟೈಲಿನಷ್ಟೇ ಗಟ್ಟಿಯಾದ ಇನ್ನೊಂದು ವಸ್ತು ಎದುರಾಯಿತು. ಲೆವಿಟೌನಿನ ಮೊದಲ ಬಾಡಿಗೆ ಕರಾರಿನ 25ನೆಯ ಷರತ್ತು. ಕಕೇಶಿಯನ್ ಜನಾಂಗಕ್ಕೆ ಸೇರದ ಯಾರೂ ಈ ಮನೆಯಲ್ಲಿ ವಾಸಿಸಲು ಬಿಡಕೂಡದು ಎಂದು ಅದು ಹೇಳುತ್ತಿತ್ತು; ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಯುದ್ಧದಲ್ಲಿ ಹೋರಾಡಿ ಬಂದ ಕರಿಯ ಸೈನಿಕರಿಗೂ ಇಲ್ಲಿ ಬಾಗಿಲು ಮುಚ್ಚಿತ್ತು.

ಕಕೇಶಿಯನ್ ಎಂಬ ಪದ ನಮಗೆ ಇನ್ನೊಂದು ಮೊಕದ್ದಮೆಯನ್ನು ನೆನಪಿಸಿತು. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಕೊಡುವ ನಿಯಮವಿದ್ದಾಗ, ಪಂಜಾಬಿನಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್, ಶಾಸ್ತ್ರದ ಪ್ರಕಾರ ತಾನೂ ಕಕೇಶಿಯನ್ನೇ ಎಂದು ವಾದಿಸಿದ್ದರು. 1923ರಲ್ಲಿ ಸುಪ್ರೀಂ ಕೋರ್ಟು ಆ ಶಾಸ್ತ್ರ ಬೇಡ, ಜನಸಾಮಾನ್ಯ ಯಾರನ್ನು ಬಿಳಿಯನೆನ್ನುತ್ತಾನೋ ಅವನೇ ಬಿಳಿಯ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟು ಅವರನ್ನು ಹೊರಗಿಟ್ಟಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಅಂದರೆ ನಮ್ಮ ಮನೆ ಎದ್ದ ಕಾಲಕ್ಕೆ ನಮ್ಮಂಥವರು ಈ ದೇಶದ ಪೌರರಾಗಬಹುದಿತ್ತು, ಈ ಕಪ್ಪು ಟೈಲುಗಳ ಮೇಲೆ ಬಾಡಿಗೆದಾರರಾಗಿ ನಿಲ್ಲುವಂತಿರಲಿಲ್ಲ.

1948ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಂಥ ಜನಾಂಗ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಿಸುವಂತಿಲ್ಲವೆಂದು ಹೇಳಿತು. ಲೆವಿಟ್ ಕಂಪನಿ ಮುಂದಿನ ಕರಾರುಗಳಿಂದ ಆ ಸಾಲನ್ನು ತೆಗೆದುಹಾಕಿತು, ಪದ್ಧತಿಯನ್ನು ಬಿಡಲಿಲ್ಲ. ಕಾಗದದಲ್ಲಿ ಕಾಣದಂತೆ ಮುಚ್ಚಿಟ್ಟು ಅದನ್ನೇ ನಡೆಸಿಕೊಂಡು ಹೋಯಿತು. ಮನೆಯ ಪ್ರಶ್ನೆಯನ್ನು ಬಿಡಿಸಬಲ್ಲೆ, ಜನಾಂಗದ ಪ್ರಶ್ನೆಯನ್ನೂ ಬಿಡಿಸಲು ಯತ್ನಿಸಬಹುದು, ಎರಡನ್ನೂ ಕೂಡಿಸಲಾರೆ ಎಂಬುದು ವಿಲಿಯಂ ಲೆವಿಟ್ ಕೊಡುತ್ತಿದ್ದ ಸಮಜಾಯಿಷಿ. ಈಗ ನಮ್ಮ ಬೀದಿಯಲ್ಲಿ ಗುಜರಾತಿ, ಕೊರಿಯನ್, ಸ್ಪ್ಯಾನಿಷ್ ಎಲ್ಲ ಕೇಳಿಸುತ್ತದೆ. ಆದರೂ ಒಡೆದ ಟೈಲಿನ ಮುಂದೆ ಕೂತು ಆ ಷರತ್ತನ್ನು ಓದಿದ ಸಂಜೆ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಕಲ್ನಾರು

ಬಿಲ್ಲೆಯ ಒಂದು ಚೂರನ್ನು ಸಾಬೂನು ನೀರಿನಲ್ಲಿ ಒದ್ದೆ ಮಾಡಿ, ಎರಡು ಚೀಲಗಳಲ್ಲಿ ಕಟ್ಟಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿದೆವು. ನಾಲ್ಕನೇ ದಿನ ಉತ್ತರ ಬಂತು. ಕ್ರೈಸೊಟೈಲ್, ಅಂದರೆ ಬಿಳಿ ಕಲ್ನಾರು, ಇದೆ. ಟೈಲಿನಲ್ಲೂ ಇದೆ, ಅದನ್ನು ಅಂಟಿಸಿದ ಕಪ್ಪು ಗೋಂದಿನಲ್ಲೂ ಇದೆ.

ಕಲ್ನಾರು ಎಂಬ ನಮ್ಮ ಪದ ಎಷ್ಟು ಚೆಂದ ನೋಡಿ: ಕಲ್ಲಿನ ನಾರು. ಬೆಂಕಿಗೆ ಉರಿಯದು, ನೀರಿಗೆ ಕೊಳೆಯದು, ನೂಲಿನಂತೆ ನೇಯಬಹುದು. ಕೇಡು ಇರುವುದು ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳುವುದರಲ್ಲಿ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದ ಎಳೆಯನ್ನು ಮೈ ಕರಗಿಸಲಾರದು. ರೋಗ ತಲೆಯೆತ್ತಲು ಹತ್ತಾರು ವರ್ಷ ಹಿಡಿಯುತ್ತದೆ.

ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕಾರ್ಖಾನೆಯಲ್ಲಿ ಕಲ್ನಾರನ್ನು ನೂಲುತ್ತಿದ್ದ ನೆಲ್ಲಿ ಕರ್ಷಾ 1924ರಲ್ಲಿ ಮೂವತ್ತಮೂರನೆಯ ವಯಸ್ಸಿಗೆ ತೀರಿಕೊಂಡರು. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ವಿಲಿಯಂ ಕುಕ್ ಎಂಬ ವೈದ್ಯರು ಅದೇ ವರ್ಷ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. 1931ರಲ್ಲಿ ಬ್ರಿಟನ್ ಕಾರ್ಖಾನೆಗಳ ಧೂಳಿಗೆ ನಿಯಮ ಮಾಡಿತು. ನಮ್ಮ ಮನೆಗೆ ಟೈಲು ಬಿದ್ದದ್ದು ಅದಾಗಿ ಹದಿನೇಳು ವರ್ಷಕ್ಕೆ. 1964ರಲ್ಲಿ ಇಲ್ಲೇ ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯ ಇರ್ವಿಂಗ್ ಸೆಲಿಕಾಫ್ ಮತ್ತು ಜೊತೆಗಾರರು, ಕಟ್ಟಡಗಳಲ್ಲಿ ಕಲ್ನಾರಿನ ಹೊದಿಕೆ ಸುತ್ತುವ ಕೆಲಸಗಾರರಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚೆಂದು ಲೆಕ್ಕ ಸಮೇತ ತೋರಿಸಿದರು. 1989ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೆಚ್ಚುಕಡಿಮೆ ಎಲ್ಲ ಬಳಕೆಯನ್ನೂ ನಿಷೇಧಿಸಿದಾಗ, 1991ರಲ್ಲಿ ನ್ಯಾಯಾಲಯ ಅದರ ಬಹುಭಾಗವನ್ನು ರದ್ದು ಮಾಡಿತು. ಕ್ರೈಸೊಟೈಲನ್ನು ನಿಷೇಧಿಸುವ ಅಂತಿಮ ನಿಯಮ ಹೊರಟದ್ದು 2024ರ ಮಾರ್ಚಿನಲ್ಲಿ. ನೆಲ್ಲಿ ಕರ್ಷಾ ತೀರಿಕೊಂಡು ಸರಿಯಾಗಿ ನೂರು ವರ್ಷ.

ಇಷ್ಟು ಓದಿದ ಮೇಲೆ ಆ ಶನಿವಾರ ನೆನಪಾಯಿತು. ಮಗನ ಬಕೆಟ್ಟು. ನಮ್ಮ ಒಣ ಪೊರಕೆ. ಟೈಲಿನೊಳಗೆ ಎಳೆಗಳು ಗಟ್ಟಿಯಾಗಿ ಕಟ್ಟಿಕೊಂಡಿರುತ್ತವೆ, ಉಜ್ಜಿ ಪುಡಿ ಮಾಡಿದರೇ ಹೆಚ್ಚು ಅಪಾಯ, ಒಂದು ದಿನದ ಧೂಳಿನಿಂದ ಆಗುವ ಕೇಡಿನ ಸಂಭವ ಬಹಳ ಕಡಿಮೆ ಎಂದು ಬಲ್ಲವರು ಹೇಳಿದರು. ಅದು ನಿಜವೆಂದು ನಮಗೂ ಗೊತ್ತು. ಆದರೂ ಮಗ ಕೆಮ್ಮಿದಾಗಲೆಲ್ಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಇನ್ನೂ ನಿಂತಿಲ್ಲ.

ಇನ್ನೂ ಒಂದು ನೆನಪಾಯಿತು. ಊರಿನಲ್ಲಿ ಕೊಟ್ಟಿಗೆಗೆ ಶೀಟು ಹಾಕಿಸಿದ ವರ್ಷ. ಅಪ್ಪ ಗರಗಸದಲ್ಲಿ ಶೀಟನ್ನು ಕೊಯ್ಯುತ್ತಿದ್ದರು, ನಾವು ಮಕ್ಕಳು ತುದಿ ಹಿಡಿದುಕೊಂಡಿದ್ದೆವು. ಬಿಳಿ ಪುಡಿ ಅಪ್ಪನ ಹುಬ್ಬಿನ ಮೇಲೆ ಕೂತಿದ್ದನ್ನು ನೋಡಿ ನಕ್ಕಿದ್ದೆವು. ಅದೂ ಕಲ್ನಾರಿನ ಶೀಟೇ. ಭಾರತದ ಸುಪ್ರೀಂ ಕೋರ್ಟು 1995ರಲ್ಲಿ, ಕಲ್ನಾರಿನ ಕೆಲಸಗಾರರ ಆರೋಗ್ಯವನ್ನು ಕಾಯುವುದು ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಅವರ ಆರೋಗ್ಯದ ದಾಖಲೆಗಳನ್ನು ನಲವತ್ತು ವರ್ಷ ಇಡಬೇಕೆಂದು ಹೇಳಿದೆ. ಆದರೆ ಹೊರದೇಶದ ಕಲ್ನಾರು ಬಂದು ಶೀಟಾಗುವುದು ಅಲ್ಲಿ ನಿಂತಿಲ್ಲ. ನಮ್ಮೂರ ಕಡೆ ಬಡವರ ಮನೆಗೆ ಶೀಟಿನ ಮನೆ ಎಂದೇ ಹೆಸರು. ಅಮ್ಮನಿಗೆ ಫೋನಿನಲ್ಲಿ ಹೇಳಿದೆವು: ಕೊಟ್ಟಿಗೆಯ ಶೀಟು ಒಡೆದರೆ ಯಾರಿಂದಲೂ ಕೊಯ್ಯಿಸಬೇಡಿ, ನೀರು ಹಾಕದೆ ಮುಟ್ಟಿಸಬೇಡಿ. "ನಲವತ್ತು ವರ್ಷ ಆದ್ಮೇಲೆ ಹೇಳ್ತೀರಲ್ಲೋ" ಅಂದರು. ಉತ್ತರ ಕೊಡಲಾಗಲಿಲ್ಲ.

ಮುಚ್ಚುವುದೋ, ಕೀಳುವುದೋ

ನಮ್ಮ ಮುಂದೆ ಎರಡು ದಾರಿಗಳಿದ್ದವು. ಪರವಾನಗಿ ಪಡೆದವರಿಂದ ಇಡೀ ಮನೆಯ ಟೈಲನ್ನು ಕೀಳಿಸುವುದು. ಕೋಣೆ ಕೋಣೆಗೂ ಪ್ಲಾಸ್ಟಿಕ್ ಕಟ್ಟಿ, ಗಾಳಿಯನ್ನು ಸೋಸಿ ಹೊರಗೆ ಎಳೆಯುತ್ತಾ ಮಾಡುವ ಕೆಲಸ, ಹೊಸ ನೆಲಕ್ಕಿಂತ ಎಷ್ಟೋ ಹೆಚ್ಚು ಖರ್ಚು. ಇಲ್ಲವೇ ಗಟ್ಟಿಯಾಗಿರುವ ಟೈಲನ್ನು ಇದ್ದಲ್ಲೇ ಬಿಟ್ಟು ಮೇಲೆ ಮುಚ್ಚುವುದು. ಒಡೆಯದ ಟೈಲನ್ನು ಕದಲಿಸದೆ ಮುಚ್ಚುವುದೇ ಒಳ್ಳೆಯದೆಂದು ಸರ್ಕಾರದ ಸಲಹೆಯೂ ಇದೆ.

ನಮಗೆ ಸಂಕಟವಾದದ್ದು ಇಲ್ಲೇ. ಈ ಮನೆಯಲ್ಲಿದ್ದವರೆಲ್ಲ ಮಾಡಿದ್ದು ಅದನ್ನೇ ಅಲ್ಲವೇ? ಟೈಲು ಮಾಸಿದಾಗ ಕಾರ್ಪೆಟ್ಟು ಹೊದಿಸಿದರು. ಹಾಸಿನೊಳಗಿನ ತಾಮ್ರದ ಕೊಳವೆ ಸೋರಿದಾಗ, ಅದನ್ನು ಅಲ್ಲೇ ಬಿಟ್ಟು ಗೋಡೆಯ ಬುಡಕ್ಕೆ ಹೊಸ ಕೊಳವೆ ಎಳೆದರು. ಯಾರೂ ಎಲ್ಲೂ ಒಂದು ಸಾಲು ಬರೆದಿಡಲಿಲ್ಲ. ಕಾರ್ಪೆಟ್ಟಿನ ಮೊಳೆಪಟ್ಟಿಯನ್ನು ಟೈಲಿನ ಮೇಲೇ ಹೊಡೆದವನಿಗೆ ಅದರಲ್ಲಿ ಏನಿದೆಯೆಂದು ಗೊತ್ತಿತ್ತೋ ಇಲ್ಲವೋ, ನಾವಂತೂ ಸುತ್ತಿಗೆ ಹಿಡಿದು ಕೂತದ್ದು ಏನೂ ಗೊತ್ತಿಲ್ಲದೆ.

ಆ ವಾರ ಅಮ್ಮನನ್ನು ಕೇಳಿದೆವು, ತಾತ ಆ ಕೆಂಪು ನೆಲವನ್ನು ಹೇಗೆ ಹಾಕಿಸಿದರು ಅಂತ. ಮದುವೆಯಾಗಿ ಬಂದ ಹೊಸತರಲ್ಲಿ ಅವರೇ ಕಂಡ ಕೆಲಸ ಅದು. ಮೊದಲು ಮಣ್ಣು ತುಂಬಿ, ನೀರು ಬಿಟ್ಟು, ಕೂರಲು ಬಿಟ್ಟು, ದಿಮ್ಮಸು ಹೊಡೆದರು. ಅದರ ಮೇಲೆ ಜಲ್ಲಿ, ಸುಣ್ಣದ ಗಾರೆ. ರಸಮಟ್ಟ ಇಟ್ಟು ನೋಡಿ ಬಚ್ಚಲ ಕಡೆಗೆ ಕೊಂಚ ವಾಟ ಕೊಟ್ಟರು. ಕೊನೆಗೆ ಸಿಮೆಂಟು, ಕೆಂಪು ಪುಡಿ. ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ, ವಾರಗಟ್ಟಲೆ ನೀರು ಕಟ್ಟಿದರು. "ಮೇಲಿನ ಕೆಂಪು ಒಂದಿನದ ಕೆಲಸ ಕಣೋ. ನೆಲ ಕೆಳಗಿಂದ ಮೇಲಕ್ಕೆ ಬರಬೇಕು" ಅಂದರು. ಆ ನೆಲದ ಕೆಳಗೆ ಏನಿದೆಯೆಂದು ಐವತ್ತು ವರ್ಷದ ಮೇಲೂ ಹೇಳಬಲ್ಲ ಒಬ್ಬರು ಇದ್ದಾರೆ. ನಮ್ಮ ಲೆವಿಟೌನಿನ ಮನೆಗೆ ಅಂಥವರು ಯಾರೂ ಉಳಿದಿರಲಿಲ್ಲ.

ಮುಚ್ಚುವುದೆಂದೇ ತೀರ್ಮಾನಿಸಿದೆವು. ಆದರೆ ತಿಳಿದು ಮುಚ್ಚುವುದು, ಬರೆದಿಟ್ಟು ಮುಚ್ಚುವುದು.

ನಾವು ಒಡೆದ ಚಿಕ್ಕ ಕೋಣೆಯನ್ನು ಪರವಾನಗಿಯವರು ಬಂದು ಸ್ವಚ್ಛ ಮಾಡಿದರು. ಉಳಿದ ಕೋಣೆಗಳ ಮೊಳೆಪಟ್ಟಿಗಳನ್ನೂ ಅವರೇ ಒದ್ದೆ ಮಾಡಿ ತೆಗೆದರು, ಸಡಿಲವಾದ ಟೈಲುಗಳನ್ನು ಕಟ್ಟಿಕೊಂಡು ಹೋದರು. ಬರಿದಾದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯ ಅಂಚುಗಳಿಗೆ ಟೇಪು ಸುತ್ತಿ ಒಂದು ದಿನ ಬಿಟ್ಟೆವು. ಒಳಗೆ ಬೆವರು ಹನಿ ಕಾಣಲಿಲ್ಲ. ಇಷ್ಟಕ್ಕೇ ನೆಚ್ಚಬೇಡಿ ಎಂದು ಅಂಗಡಿಯವರು ತೇವ ಅಳೆಯುವ ರಾಸಾಯನಿಕ ಪರೀಕ್ಷೆಯನ್ನೂ ಮಾಡಿದರು. ಉದ್ದನೆಯ ಮಟ್ಟಗೋಲು ಇಟ್ಟಾಗ ಹಜಾರದ ನಡುವೆ ತಗ್ಗು ಸಿಕ್ಕಿತು. ಸಾಮಾನ್ಯವಾಗಿ ಉಬ್ಬನ್ನು ಉಜ್ಜಿ ಇಳಿಸುತ್ತಾರೆ. ಇಲ್ಲಿ ಉಜ್ಜುವ ಮಾ��ೇ ಇಲ್ಲ, ಹಾಗಾಗಿ ತಗ್ಗನ್ನೇ ತುಂಬಿಸಿ ಮಟ್ಟ ಮಾಡಿದರು. ಟೈಲಿಗೂ ಮೊಳೆ ಆಗದು, ಅದರ ಕೆಳಗಿನ ಕೊಳವೆಗೂ ಆಗದು. ಅದಕ್ಕೇ ಒಂದಕ್ಕೊಂದು ಕಚ್ಚಿಕೊಂಡು, ನೆಲಕ್ಕೆ ಎಲ್ಲೂ ಅಂಟದೆ ತೇಲುವ ಹಲಗೆಯನ್ನು ಆರಿಸಿದೆವು. ಗೋಡೆಯ ಸುತ್ತ ಹಿಗ್ಗಲು ಜಾಗ ಬಿಟ್ಟು, ಬಾಗಿಲ ಚೌಕಟ್ಟಿನ ಬುಡವನ್ನು ಹೊಸ ನೆಲದ ದಪ್ಪಕ್ಕೆ ಕೊಯ್ದು, ಬಾಗಿಲುಗಳ ಅಡಿಯನ್ನು ಹೆರೆದು, ಪೆಟ್ಟಿಗೆಗಳನ್ನು ಎರಡು ದಿನ ಒಳಗಿಟ್ಟು ಕಾದೆವು. ಅಂತೂ ಇಂತೂ ನೆಲ ಬಂತು.

ಒಂದು ಕಾಗದ

ಅಮ್ಮ ಬಂದರು. ಚಪ್ಪಲಿ ಬಿಟ್ಟು, ವಾಕರ್ ಊರಿಕೊಂಡು, ಹೊಸ ನೆಲದ ಮೇಲೆ ಹಜಾರದಿಂದ ಅಡುಗೆಮನೆಯವರೆಗೆ ನಡೆದರು. ಎಲ್ಲೂ ತಡೆಯಲಿಲ್ಲ. "ಚೆನ್ನಾಗಿದೆ. ಆದ್ರೆ ಕಾಲಿಗೆ ತಣ್ಣಗೆ ಹತ್ತಲ್ಲ, ನೆಲ ಅನ್ನಿಸಲ್ಲ" ಎಂದು ತೀರ್ಪು ಕೊಟ್ಟರು.

ಆ ರಾತ್ರಿ ನಾವು ಒಂದು ಹಾಳೆ ಬರೆದೆವು. ಈ ನೆಲದ ಕೆಳಗೆ 1948ರ ಒಂಬತ್ತು ಅಂಗುಲದ ಟೈಲುಗಳಿವೆ. ಅವುಗಳಲ್ಲೂ ಅಂಟಿನಲ್ಲೂ ಕಲ್ನಾರು ಇದೆ. ಉಜ್ಜಬೇಡಿ, ಒಡೆಯಬೇಡಿ, ಮೊಳೆ ಹೊಡೆಯಬೇಡಿ. ಟೈಲಿನ ಕೆಳಗೆ ಕಾಂಕ್ರೀಟು, ಅದರೊಳಗೆ ಈಗ ಬಳಕೆಯಲ್ಲಿಲ್ಲದ ತಾಮ್ರದ ಕೊಳವೆ. ಚಿಕ್ಕ ಕೋಣೆಯ ಟೈಲನ್ನು ತೆಗೆಸಿದ್ದೇವೆ. ಜೊತೆಗೆ ಪ್ರಯೋಗಾಲಯದ ವರದಿ, ಕೋಣೆಗಳ ನಕ್ಷೆ. ಎಲ್ಲವನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಬಾಯ್ಲರಿನ ಪಕ್ಕದ ಬೀರುವಿನ ಬಾಗಿಲ ಒಳಗೆ ಅಂಟಿಸಿದೆವು. ಮನೆ ಮಾರುವ ದಿನ ಬಂದರೆ ಕೊಳ್ಳುವವರ ಕೈಗೂ ಒಂದು ಪ್ರತಿ ಕೊಡುವುದೆಂದು ಮಾತಾಡಿಕೊಂಡೆವು.

ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಬರೀ ಇಂಗ್ಲಿಷಿನಲ್ಲಿ ಬರ್ದಿದ್ದೀರಲ್ಲ?"

"ಮುಂದೆ ಬರೋರು ಕನ್ನಡದೋರು ಆಗಿರಲ್ಲ ಅಮ್ಮ."

"ಆಗದೇ ಇರ್ಲಿ. ಕೆಳಗೆ ನಾಕು ಸಾಲು ಕನ್ನಡದಲ್ಲೂ ಬರೀರಿ. ಇಲ್ಲಿ ಯಾರಿದ್ರು ಅಂತ ಗೊತ್ತಾಗ್ಲಿ."

ಮಗನ ಕೈಯಲ್ಲಿ ಬರೆಸಿದೆವು. ಅವನು ಕನ್ನಡ ಕಲಿಯುತ್ತಿರುವುದು ವಾರಕ್ಕೊಂದು ದಿನ. ಅಕ್ಷರ ಕೊಂಚ ಸೊಟ್ಟ. ಕಲ್ನಾರು ಎಂಬ ಪದದ ಒತ್ತಕ್ಷರವನ್ನು ಅಮ್ಮ ಕೈ ಹಿಡಿದು ತಿದ್ದಿಸಿದರು.